ಗೆದ್ದಲಿಗೆ ಸಹಿ, ಕೂಲಿಗೆ ಹೆಬ್ಬೆಟ್ಟು

ಪಟ್ಟಣದ ಕಲಾಶಾಲೆಗಳಿಂದ ಈಚೆಗೆ ಒಂದು ಹೊಸ ಮಾತು ನಮ್ಮ ಘಟ್ಟ ಹತ್ತಿ ಬರ್ತಾ ಇದೆ. ಇನ್ನು ಮೇಲೆ ಕಲಾವಿದ ಒಬ್ಬನೇ ಕಲೆ ಮಾಡುವುದಿಲ್ಲವಂತೆ. ರೇಷ್ಮೆಹುಳು, ಜೇನು, ಅಣಬೆ, ಮರದ ಬೇರು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಎಲ್ಲವೂ ಅವನ ಜೊತೆ ಕೂತು ಮಾಡುತ್ತವಂತೆ. ಅವು ಸಾಮಗ್ರಿಗಳಲ್ಲ, ಸಹಕಲಾವಿದರು ಅಂತ ಈ ಜನ ಹೇಳ್ತಾರೆ. ಮನೆ ಕಟ್ಟುವ ಎಂಜಿನಿಯರನೂ ಅಷ್ಟೆ, ಇಟ್ಟಿಗೆಯನ್ನು ಸುಡುವ ಬದಲು ಬೆಳೆಸುತ್ತಾನೆ, ಕಂಬ ನಿಲ್ಲಿಸುವ ಬದಲು ಮರವನ್ನೇ ನಿಲ್ಲಿಸುತ್ತಾನೆ. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಸಿಮೆಂಟು ಕಬ್ಬಿಣ ಬಿಟ್ಟು ಬದುಕುವ ದಾರಿ ಇದು ಅನ್ನುತ್ತಾರೆ.

ಗೆಳೆಯರೇ, ಈ ಮಾತನ್ನು ಕೇಳಿ ನಗುವುದು ಸುಲಭ. ನಗುವುದಕ್ಕಾಗಿ ನಾನು ಇದನ್ನು ಬರೀತಾ ಇಲ್ಲ. ಮಾತಿನಲ್ಲಿ ಸತ್ಯ ಇದೆ. ಸತ್ಯ ಇರುವುದರಿಂದಲೇ ಅದನ್ನು ತಿರುಗಿಸಿ ತಿರುಗಿಸಿ ನೋಡಬೇಕು, ಕಾಫಿ ಬೀಜವನ್ನು ಕಣದಲ್ಲಿ ತಿರುವಿದ ಹಾಗೆ.

ಮೊದಲು ಅವರು ಏನು ಮಾಡಿದ್ದಾರೆ ಅನ್ನೋದನ್ನ ನ್ಯಾಯವಾಗಿ ಹೇಳೋಣ. 2013ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಮೀಡಿಯಾ ಲ್ಯಾಬಿನಲ್ಲಿ ನೇರಿ ಆಕ್ಸ್‌ಮನ್ ಮತ್ತು ಅವರ ತಂಡದವರು ಯಂತ್ರದಿಂದ ರೇಷ್ಮೆ ದಾರದ ಒಂದು ಗುಮ್ಮಟದ ಹಂದರ ಹೆಣೆಸಿದರು. ಅದರ ಮೇಲೆ 6,500 ರೇಷ್ಮೆಹುಳುಗಳನ್ನು ಬಿಟ್ಟರು. ರೇಷ್ಮೆಹುಳುವಿಗೆ ಮೂಲೆ ಸಿಗದೆ ಚಪ್ಪಟೆ ಜಾಗ ಸಿಕ್ಕರೆ ಅದು ಗೂಡು ಕಟ್ಟುವುದಿಲ್ಲ, ಬಟ್ಟೆಯ ಹಾಗೆ ಹರವಿಕೊಂಡು ನೂಲುತ್ತದೆ. ಬೆಳಕು ಹೆಚ್ಚಿದ್ದ ಕಡೆಯಿಂದ ನೆರಳಿನ ಕಡೆಗೆ ಸರಿಯುತ್ತದೆ. ಈ ಎರಡು ಗುಣವನ್ನು ಹಿಡಿದು ಇಡೀ ಗುಮ್ಮಟವನ್ನು ಹುಳುಗಳಿಂದಲೇ ಮುಚ್ಚಿಸಿದರು. ನೂತು ಮುಗಿಸಿದ ಹುಳುಗಳನ್ನು ಕುದಿಸಿ ಕೊಲ್ಲಲಿಲ್ಲ, ಪತಂಗವಾಗಿ ಮೊಟ್ಟೆ ಇಡಲು ಬಿಟ್ಟರು. ಮರುವರ್ಷ, 2014ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪಿಎಸ್1 ಅಂಗಳದಲ್ಲಿ ಡೇವಿಡ್ ಬೆಂಜಮಿನ್ ಅನ್ನುವ ವಾಸ್ತುಶಿಲ್ಪಿ ಸುಮಾರು 10,000 ಇಟ್ಟಿಗೆಯ ಗೋಪುರ ಎಬ್ಬಿಸಿದ. ಜೋಳದ ದಂಟಿನ ಚೂರಿಗೆ ಅಣಬೆಯ ಬೂಸಲು ಹಾಕಿ ಅಚ್ಚಿನಲ್ಲಿ ಕೆಲವು ದಿನ ಇಟ್ಟರೆ ಬೂಸಲು ದಂಟನ್ನೆಲ್ಲ ಹೆಣೆದು ಗಟ್ಟಿ ಮಾಡುತ್ತದೆ, ಅದೇ ಇಟ್ಟಿಗೆ. ಬೇಸಿಗೆ ಮುಗಿದ ಮೇಲೆ ಗೋಪುರವನ್ನು ಬಿಚ್ಚಿ ಗೊಬ್ಬರ ಮಾಡಿದರು.

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋ ಜೊತೆ ಸೇರಿ 2020ರಲ್ಲಿ ಚಂದ್ರನ ಮಣ್ಣಿನಂಥ ಮಣ್ಣಿಗೆ ಒಂದು ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಮಾಡಿದರು. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಸುಣ್ಣದ ಹರಳು ಕಟ್ಟುತ್ತದೆ, ಹರಳು ಮಣ್ಣಿನ ಕಣಗಳನ್ನು ಕಚ್ಚಿ ಹಿಡಿಯುತ್ತದೆ. 2022ರಲ್ಲಿ ಮಂಗಳ ಗ್ರಹದ ಮಣ್ಣಿಗೂ ಇದೇ ಉಪಾಯ ಮಾಡಿ ತೋರಿಸಿದರು. ಒಳ್ಳೆಯ ವಿಜ್ಞಾನ, ಸಂಶಯವೇ ಇಲ್ಲ. ಆದರೆ ಇದನ್ನು ಓದಿದಾಗ ನಮ್ಮ ಕಡೆ ಮನೆಯಡಿ ಜಾಗದ ಹಕ್ಕುಪತ್ರಕ್ಕೆ 94ಸಿ ಅರ್ಜಿ ಹಾಕಿ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸುತ್ತಿರುವವರ ನೆನಪಾಗಿ, ಚಂದ್ರನಲ್ಲೇ ಸೈಟು ಬೇಗ ಸಿಗಬಹುದೇನೋ ಅನ್ನಿಸಿತು.

ಈಗ ನನ್ನ ತಕರಾರು. ಆ ಗುಮ್ಮಟದ ಹುಳುಗಳನ್ನು ಎಣಿಸಿದ್ದಾರೆ. 6,500 ಅಂತ ಲೆಕ್ಕ ಇದೆ, ಅವುಗಳ ಕೆಲಸಕ್ಕೆ ಗೌರವ ಇದೆ. ಅದೇ ಹುಳುವಿನ ಜೊತೆ ನಮ್ಮ ರಾಮನಗರದಲ್ಲಿ, ಮಾಗಡಿಯಲ್ಲಿ ತಲೆಮಾರುಗಳಿಂದ ಕೆಲಸ ಮಾಡುತ್ತಾ ಬಂದವರು ಯಾರು? ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ಒಂದು ವರದಿ ತಂದಿತು. ಅಪ್ಪ ಅಮ್ಮ ಮಾಡಿದ ಮುಂಗಡ ಸಾಲಕ್ಕೆ ಮಕ್ಕಳು ನೂಲುವ ಮನೆಗಳಲ್ಲಿ ಕಟ್ಟುಬಿದ್ದಿದ್ದನ್ನು, ಕುದಿಯುವ ನೀರಿಗೆ ಕೈ ಹಾಕಿ ಗೂಡಿನ ಎಳೆಯ ತುದಿ ಹುಡುಕುತ್ತಿದ್ದುದನ್ನು, ಅವರಲ್ಲಿ ದಲಿತರ ಮಕ್ಕಳು, ಮುಸಲ್ಮಾನರ ಮಕ್ಕಳು ಹೆಚ್ಚಿದ್ದುದನ್ನು ಅದು ಬರೆದಿದೆ. ಬೆರಳು ಬೆಂದ ಆ ಹುಡುಗಿಯನ್ನು ಯಾವ ಕಲಾಗ್ರಹವೂ ರೇಷ್ಮೆಯ ಸಹಕಲಾವಿದೆ ಅಂತ ಕರೆದದ್ದು ನಾನು ಕೇಳಿಲ್ಲ. ಹುಳುವಿಗೆ ಮರ್ಯಾದೆ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮನುಷ್ಯನನ್ನು ದಾಟಿ ನೇರವಾಗಿ ಹುಳುವಿನ ಹತ್ತಿರ ಹೋಗುವ ಈ ಕರುಣೆ ನಮಗೆ ಹಳೇ ಪರಿಚಯ. ಇರುವೆಗೆ ಸಕ್ಕರೆ ಹಾಕಿ ಹೊಲೆಯನಿಗೆ ದೂರದಿಂದ ನೀರು ಹೊಯ್ದವರ ಮೊಮ್ಮಕ್ಕಳಿಗೆ ಇದು ಬೇಗ ಒಗ್ಗುತ್ತದೆ.

ಇನ್ನು ನಮ್ಮ ಗುಡ್ಡಕ್ಕೆ ಬರೋಣ. ಜೀವಂತ ಕಟ್ಟಡ ನೋಡಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ಮೂಡಿಗೆರೆಯಿಂದ ಕಳಸದವರೆಗೆ ಬಸ್ಸಿನ ಕಿಟಕಿಯಲ್ಲಿ ಕೂತರೆ ಸಾಕು, ಮೈಲಿಗಟ್ಟಲೆ ಒಂದೇ ಕಟ್ಟಡದ ಒಳಗೆ ಹೋಗುತ್ತೀರಿ. ಕಾಫಿ ತೋಟ ಅಂದರೆ ಚಾವಣಿ ಇರುವ ಮನೆ. ಅರೇಬಿಕಾ ಕಾಫಿ ಇಥಿಯೋಪಿಯಾದ ಎತ್ತರದ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ಹುಟ್ಟಿದ ಗಿಡ, ಬಯಲಿನ ಗಿಡ ಅಲ್ಲ. ಅದಕ್ಕೆ ಇಲ್ಲಿ ಎರಡು ಅಂತಸ್ತಿನ ನೆರಳು ಕಟ್ಟಿದ್ದಾರೆ. ಮೇಲಿನ ಅಂತಸ್ತಿನಲ್ಲಿ ಅತ್ತಿ, ಹಲಸು, ನಂದಿ, ಬೀಟೆಯಂಥ ಕಾಡುಮರ, ಈಗೀಗ ಎಲ್ಲ ಕಡೆ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್. ಕೆಳಗಿನ ಅಂತಸ್ತಿನಲ್ಲಿ ಹಾಲವಾಣ. ಹಾಲವಾಣದ ಕೋಲು ಕಡಿದು ನೆಟ್ಟರೆ ಸಾಕು, ಬೇರು ಬಿಟ್ಟು ಚಿಗುರುತ್ತದೆ. ಅದು ದ್ವಿದಳದ ಜಾತಿ, ಅದರ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಹಾಕುತ್ತದೆ. ಅದರ ಮೈಮೇಲೆ ಮೆಣಸಿನ ಬಳ್ಳಿ. ಉದುರಿದ ಎಲೆ ನೆಲಕ್ಕೆ ಹೊದಿಕೆ, ಮಳೆಯ ಏಟನ್ನು ಅದು ತಡೆಯುತ್ತದೆ. ನೆರಳು ತೆಳುವಾದರೆ ಬಿಸಿಲು ಬಿದ್ದ ಕಾಂಡ ಹುಡುಕಿಕೊಂಡು ಬಿಳಿ ಕಾಂಡಕೊರಕ ಬಂದು ಮೊಟ್ಟೆ ಇಡುತ್ತದೆ, ಆಮೇಲೆ ಗಿಡವನ್ನು ಕಿತ್ತು ಸುಡುವುದೇ ಗತಿ. ನೆರಳು ದಟ್ಟವಾದರೆ ಕೊಳೆರೋಗ, ಹೂವೂ ಕಡಿಮೆ. ಹೂಮಳೆ ಬಿದ್ದ ಮೇಲೆ ರೊಬಸ್ಟಾ ಗಿಡ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟುವುದಿಲ್ಲ, ಗಾಳಿ ಬೇಕು, ಜೇನು ಬೇಕು. ಮರ, ಬಳ್ಳಿ, ಹುಳು, ಜೇನು, ಬ್ಯಾಕ್ಟೀರಿಯಾ, ಎಲ್ಲ ಸಹಭಾಗಿಗಳೂ ಇಲ್ಲಿ ಹಾಜರಿದ್ದಾರೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಶುರುವಾಗಿದ್ದು 1925ರಲ್ಲಿ. ಗಿಡಕ್ಕೆ ಎಷ್ಟು ನೆರಳು, ಎಷ್ಟು ಬಿಸಿಲು ಅನ್ನುವುದು ಹೆಚ್ಚು ಕಡಿಮೆ ನೂರು ವರ್ಷದ ಶಾಸ್ತ್ರ.

ಈ ಚಾವಣಿಯನ್ನು ವರ್ಷ ವರ್ಷ ಕಟ್ಟುವವನು ಯಾರು? ಮರಗಸಿ ಮಾಡುವವನು. ಮಳೆ ಹಿಡಿಯುವ ಮುಂಚೆ ಹಗ್ಗ ಮತ್ತು ಕತ್ತಿ ಹಿಡಿದು ನಲವತ್ತು ಐವತ್ತು ಅಡಿ ಮೇಲೆ ಹತ್ತಿ, ಯಾವ ಕೊಂಬೆ ಇರಬೇಕು ಯಾವುದು ಹೋಗಬೇಕು ಅಂತ ನೋಡಿ ಕಡಿಯುವವನು. ಪಡುವಣ ಬಿಸಿಲು ಎಲ್ಲಿ ಹೊಡೆಯುತ್ತದೆ, ಕೊಂಬೆ ಬಿದ್ದರೆ ಕೆಳಗಿನ ಕಾಫಿ ಗಿಡದ ಯಾವ ರೆಕ್ಕೆ ಮುರಿಯುತ್ತದೆ, ಮುಂದಿನ ವರ್ಷ ಚಿಗುರು ಯಾವ ಕಡೆ ಬರುತ್ತದೆ, ಇಷ್ಟನ್ನೂ ಅವನು ಗಾಳಿಯಲ್ಲಿ ನೇತಾಡಿಕೊಂಡೇ ತೀರ್ಮಾನ ಮಾಡಬೇಕು. ನಕ್ಷೆ ಅನ್ನುವುದು ಇದಲ್ಲದೆ ಇನ್ನೇನು? ಇದನ್ನು ಕಾಗದದ ಮೇಲೆ ಎಳೆದಿದ್ದರೆ ಅವನನ್ನು ವಾಸ್ತುಶಿಲ್ಪಿ ಅನ್ನುತ್ತಿದ್ದರು. ಮೈಯಲ್ಲಿ ಎಳೆದದ್ದರಿಂದ ಆಳು. ಮೆಣಸು ಕೊಯ್ಯುವವರದ್ದು ಇನ್ನೊಂದು ಕತೆ. ಅಲ್ಯೂಮಿನಿಯಂ ಏಣಿ ಎತ್ತಿ ಮರದಿಂದ ಮರಕ್ಕೆ ಸಾಗಿಸುವಾಗ ತೋಟದೊಳಗೆ ಜೋತುಬಿದ್ದ ಕರೆಂಟಿನ ತಂತಿಗೆ ತಾಗಿ ಸತ್ತವರ ಸುದ್ದಿ ಮಲೆನಾಡಿನ ಪತ್ರಿಕೆಗಳಲ್ಲಿ ಮೂರು ಸಾಲು ಬರುತ್ತದೆ. ಹಿಂದೆ ಈ ಕೆಲಸ ನಮ್ಮವರೇ ಮಾಡುತ್ತಿದ್ದರು, ಈಗ ಅಸ್ಸಾಮಿನಿಂದ ಬಂದ ಹುಡುಗರೂ ಮಾಡುತ್ತಾರೆ. ಅವರ ಹೆಸರನ್ನು ಲೈನಿನಲ್ಲಿ ಯಾರೂ ಸರಿಯಾಗಿ ಉಚ್ಚರಿಸುವುದಿಲ್ಲ.

ಈ ಕಟ್ಟಡದ ಒಳಗೆ ಇನ್ನೊಂದು ಕಟ್ಟಡ ಇದೆ, ಅದೇ ಲೈನು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಮಾಲೀಕನೇ ಕೂಲಿಗೆ ಮನೆ ಕೊಡಬೇಕು ಅಂತ ವಿಧಿಸಿತ್ತು. ಆದರೆ ಅದು ತಟ್ಟುತ್ತಿದ್ದದ್ದು 5 ಹೆಕ್ಟೇರಿಗೆ ಮೇಲ್ಪಟ್ಟು, 15 ಜನ ಆಳಿರುವ ತೋಟಕ್ಕೆ. ಕರ್ನಾಟಕದ ಕಾಫಿ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯವರು, ಅವರ ಆಳುಗಳು ಲೆಕ್ಕದ ಹೊರಗೇ ಉಳಿದರು. ಲೆಕ್ಕದ ಒಳಗಿದ್ದವರ ಕತೆಯೂ ಏನು ಹೇಳುವುದು. ಸಾಲಾಗಿ ಒಂದೇ ಗೋಡೆಗೆ ಅಂಟಿಸಿದ ಕೋಣೆಗಳು, ಮೇಲೆ ಶೀಟು, ಮಾರ್ಚಿ ತಿಂಗಳಲ್ಲಿ ಒಳಗೆ ಕಾದ ಹಂಚು. ಕಾಫಿ ಗಿಡಕ್ಕೆ ಎಷ್ಟು ಬಿಸಿಲು ತಡೆಯುತ್ತದೆ ಅಂತ ಲೆಕ್ಕ ಹಾಕಿದ ಶಾಸ್ತ್ರ ಕಾಫಿ ಕೊಯ್ಯುವವಳ ತಲೆ ಮೇಲಿನ ಬಿಸಿಲನ್ನು ಲೆಕ್ಕ ಹಾಕಲಿಲ್ಲ. ಕೆಲಸ ಬಿಟ್ಟರೆ ಮನೆ ಬಿಡಬೇಕು. ಇಲ್ಲಿ ಮರಕ್ಕೆ ಬೇರಿದೆ, ಅದನ್ನು ನೆಟ್ಟವನಿಗೆ ಇಲ್ಲ.

ಭೂಮಿಯ ಮಾತೂ ಇದರ ಜೊತೆಗೇ ಬರಬೇಕು, ಇಲ್ಲದಿದ್ದರೆ ನಾವು ಬರೀ ಸೌಂದರ್ಯಶಾಸ್ತ್ರ ಮಾತಾಡಿದ ಹಾಗಾಗುತ್ತದೆ. 1974ರಲ್ಲಿ ಉಳುವವನೇ ಹೊಲದೊಡೆಯ ಅಂತ ರಾಜ್ಯದಲ್ಲೆಲ್ಲ ಕೂಗು ಎದ್ದಾಗ ಕಾಫಿ ತೋಟಗಳು ಭೂಮಿತಿಯಿಂದ ಹೊರಗೆ ಉಳಿದವು. ಕಾಫಿ ಗಿಡವನ್ನು ಉಳುವುದಿಲ್ಲವಲ್ಲ! 2022ರಲ್ಲಿ ಬಂದ ತಿದ್ದುಪಡಿ ಇನ್ನೂ ಸೊಗಸು. ಸರ್ಕಾರದ ಜಮೀನು ಒತ್ತುವರಿ ಮಾಡಿ ಪ್ಲಾಂಟೇಷನ್ ಬೆಳೆದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಅದು ದಾರಿ ಮಾಡಿತು. ಮೂಡಿಗೆರೆ ವಿಧಾನಸಭೆಗೆ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಕ್ಷೇತ್ರ ಮೀಸಲು, ನೆಲ ಅಲ್ಲ.

ಈಗ ಮಣ್ಣು ಮತ್ತು ಸಗಣಿ. ಸುಸ್ಥಿರ ವಾಸ್ತುಶಿಲ್ಪದವರು ತುಂಬ ಪ್ರೀತಿಸುವ ವಸ್ತುಗಳಿವು. ಗೆದ್ದಲು ತನ್ನ ಎಂಜಲಿನಿಂದ ಅಂಟಿಸಿದ ಹುತ್ತದ ಮಣ್ಣು ನೆಲಕ್ಕೆ ಗೋಡೆಗೆ ಎಷ್ಟು ಒಳ್ಳೆಯದು ಅನ್ನುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಮಳೆ ಶುರುವಾದಾಗ ಅದೇ ಹುತ್ತದಿಂದ ಅಣಬೆ ಏಳುತ್ತದೆ, ಯಾಕೆಂದರೆ ಗೆದ್ದಲು ಒಳಗೆ ಅಣಬೆಯ ಬೇಸಾಯ ಮಾಡುತ್ತದೆ. ನ್ಯೂಯಾರ್ಕಿನ ಇಟ್ಟಿಗೆಗೆ ಸಾವಿರಾರು ವರ್ಷ ಮುಂಚಿನ ಕಾರ್ಖಾನೆ ಇದು. 1996ರಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಮಿಕ್ ಪಿಯರ್ಸ್ ಅನ್ನುವ ವಾಸ್ತುಶಿಲ್ಪಿ ಈಸ್ಟ್‌ಗೇಟ್ ಅನ್ನುವ ದೊಡ್ಡ ಕಟ್ಟಡವನ್ನು ಹುತ್ತದಿಂದ ಕಲಿತು ತಂಪಾಗಿಸಿದ ಅಂತ ಪ್ರಪಂಚವೆಲ್ಲ ಹೊಗಳಿತು. ಗೆದ್ದಲಿಗೆ ಹೆಸರು ಬಂತು. ನಮ್ಮಲ್ಲಿ ಗೆದ್ದಲಿಗೆ ಮೊದಲಿನಿಂದಲೂ ಹೆಸರಿದೆ, ವಾಲ್ಮೀಕಿ ಅನ್ನುವ ಹೆಸರೇ ಹುತ್ತದಿಂದ ಬಂದದ್ದು, ಹುತ್ತಕ್ಕೆ ಹಾಲು ಎರೆಯುವವರೂ ಇದ್ದಾರೆ. ಹುತ್ತ ಒಡೆದು ಮಣ್ಣು ಹೊತ್ತು ತಂದು ನಾದಿ ಗೋಡೆ ಎಬ್ಬಿಸಿದವನು ಮಾತ್ರ ಗೃಹಪ್ರವೇಶದ ದಿನ ಅಂಗಳದಲ್ಲೇ ಊಟ ಮಾಡಿ ಹೋದ.

ಸಗಣಿ ಸಾರಿಸಿದ ನೆಲದ ಬಗ್ಗೆ ಹೋಂಸ್ಟೇಗಳಲ್ಲಿ ಬೋರ್ಡು ಹಾಕುವುದನ್ನು ನೋಡಿದ್ದೇನೆ. ತಂಪು, ಸಹಜ, ನಿಸರ್ಗದ ಅನುಭವ, ಹೀಗೆಲ್ಲ. ಸರಿ, ತಂಪು ಹೌದು. ಆದರೆ ಆ ನೆಲ ಒಂದು ಸಲ ಮಾಡಿ ಮುಗಿಸುವ ನೆಲ ಅಲ್ಲ. ವಾರಕ್ಕೆ ಒಂದು ಸಲ, ಹಬ್ಬ ಬಂದರೆ ದಿನಾ, ಬೆನ್ನು ಬಗ್ಗಿಸಿ ಯಾರಾದರೂ ಸಾರಿಸಬೇಕು. ಆ ಯಾರಾದರೂ ಯಾವಾಗಲೂ ಹೆಂಗಸು. ಕೊಟ್ಟಿಗೆಯಿಂದ ಸಗಣಿ ಬಾಚಿ ತರುವವಳು ಇನ್ನೂ ಕೆಳಗಿನ ಹೆಂಗಸು. ಜೀವಂತ ವಸ್ತುವಿನ ಬಗ್ಗೆ ಬರೆಯುವವರು ಈ ಒಂದು ಅಂಶದ ಮೇಲೆ ಕಾಲು ಊರುವುದೇ ಇಲ್ಲ. ಸಿಮೆಂಟಿನ ಗೋಡೆ ಶ್ರಮವನ್ನು ಒಂದೇ ಸಲ ಕುಡಿದು ಸುಮ್ಮನಿರುತ್ತದೆ. ಜೀವಂತ ಗೋಡೆ ದಿನಾ ಶ್ರಮ ಕೇಳುತ್ತದೆ, ದಿನಾ ಯಾರೋ ಅದನ್ನು ಬದುಕಿಸುತ್ತಲೇ ಇರಬೇಕು. ಸುಸ್ಥಿರ ಅನ್ನುವ ಪದದ ಒಳಗೆ ಒಬ್ಬಳು ಬಗ್ಗಿಕೊಂಡಿದ್ದಾಳೆ. ಅವಳ ಕೂಲಿ ಎಷ್ಟು ಅಂತ ಕೇಳದೆ ಆ ಪದವನ್ನು ಬಳಸಬಾರದು. (1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಅಂದಾಗ ಎಷ್ಟು ಗಲಾಟೆ ಆಯಿತು! ಬೂಸಾ ತಿಂದ ಹಸು ಸಗಣಿಯನ್ನಾದರೂ ಕೊಡುತ್ತದೆ, ನೆಲಕ್ಕೆ ಉಪಯೋಗ ಆಗುತ್ತದೆ.)

ನಮ್ಮ ಕೇರಿಯವರು ಮನೆ ಮಂಜೂರಾದಾಗ ಸಿಮೆಂಟೇ ಬೇಕು, ಆರ್‌ಸಿಸಿಯೇ ಬೇಕು ಅಂತ ಹಟ ಹಿಡಿಯುತ್ತಾರೆ. ಬೆಂಗಳೂರಿನಿಂದ ಬಂದ ಪರಿಸರದ ಗೆಳೆಯರಿಗೆ ಇದು ಅರ್ಥ ಆಗುವುದಿಲ್ಲ, ಇವರಿಗೆ ತಮ್ಮದೇ ಜ್ಞಾನದ ಬೆಲೆ ಗೊತ್ತಿಲ್ಲ ಅಂತ ಮರುಗುತ್ತಾರೆ. ಅಂಬೇಡ್ಕರ್ ಅವರು ಹಳ್ಳಿಯ ಅಲಿಖಿತ ಕಟ್ಟಳೆಗಳನ್ನು ಪಟ್ಟಿ ಮಾಡುವಾಗ ಅಸ್ಪೃಶ್ಯ ಹೆಂಚಿನ ಮನೆ ಕಟ್ಟುವುದೂ ಅಪರಾಧವಾಗಿತ್ತು ಅಂತ ಬರೆದಿದ್ದಾರೆ. ಹುಲ್ಲು ಮತ್ತು ಮಣ್ಣು ನಮ್ಮವರಿಗೆ ಆಯ್ಕೆಯಾಗಿ ಬರಲಿಲ್ಲ, ಶಿಕ್ಷೆಯಾಗಿ ಬಂತು. ದೂರದಿಂದ ನೋಡಿದ ಕೂಡಲೆ ಇದು ಇಂಥವರ ಮನೆ ಅಂತ ಗೊತ್ತಾಗಲಿ ಅನ್ನುವ ಗುರುತು ಅದು. ಆ ಗುರುತನ್ನು ಅಳಿಸಿದ್ದು ಸಿಮೆಂಟು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹಾಡಿ ಹೊಗಳುವವರ ಮುಂದೆ ಬಾಬಾಸಾಹೇಬರು ಸಿಟ್ಟಾದದ್ದು ಸುಮ್ಮನೆ ಅಲ್ಲ. ಹಾಗಂತ ಸಿಮೆಂಟು ಒಳ್ಳೆಯದು, ಮಣ್ಣು ಕೆಟ್ಟದ್ದು ಅಂತ ನಾನು ವಾದ ಮಾಡುವುದಿಲ್ಲ. ನಮ್ಮ ಮಳೆಗೆ, ನಮ್ಮ ಸೆಕೆಗೆ ದಪ್ಪ ಮಣ್ಣಿನ ಗೋಡೆ, ಹೆಂಚಿನ ಮಾಡು ನಾಲ್ಕಿಂಚಿನ ಬ್ಲಾಕಿನ ಗೋಡೆಗಿಂತ ಮೇಲು. ಆದರೆ ಮೊದಲು ಸಿಮೆಂಟು ಸಿಗುವ ಹಕ್ಕಿರಬೇಕು, ಆಮೇಲೆ ಮಣ್ಣು ಬೇಕು ಅಂತ ಹೇಳುವ ಸ್ವಾತಂತ್ರ್ಯ. ಉಳ್ಳವನು ಮಣ್ಣಿನ ಮನೆ ಕಟ್ಟಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಇಲ್ಲದವನ ಮಣ್ಣಿನ ಮನೆ ಮಳೆಗೆ ಕುಸಿದರೆ ತಹಸೀಲ್ದಾರರ ಪಟ್ಟಿಯಲ್ಲಿ ನಂಬರು ಬರುತ್ತದೆ.

ಸಾಹಿತ್ಯದಲ್ಲಿ ಈ ವಿಷಯವನ್ನು ಮೂಡಿಗೆರೆಯಲ್ಲಿ ಕೂತೇ ಬರೆದವರು ಪೂರ್ಣಚಂದ್ರ ತೇಜಸ್ವಿ. 1980ರಲ್ಲಿ ಬಂದ ಅವರ ಕರ್ವಾಲೋ ಕಾದಂಬರಿಯನ್ನು ಎಲ್ಲರೂ ಹಾರುವ ಓತಿಯ ಕತೆ ಅಂತ ಓದುತ್ತಾರೆ. ಅದು ಜೇನಿನಿಂದ ಶುರುವಾಗುತ್ತದೆ ಅನ್ನೋದನ್ನ ಮರೆಯುತ್ತಾರೆ. ಮಂದಣ್ಣ ಜೇನಿನವನು. ಊರಿನ ಕಣ್ಣಿಗೆ ಅವನು ಉಡಾಳ, ದಡ್ಡ. ವಿಜ್ಞಾನಿ ಕರ್ವಾಲೋ ಕಣ್ಣಿಗೆ ಮಾತ್ರ ಅವನು ಹುಟ್ಟಿನಿಂದಲೇ ಜೀವಿಗಳನ್ನು ಬಲ್ಲವನು. ಓತಿಯನ್ನು ಮೊದಲು ಕಂಡವನೂ ಅವನೇ. ಜೀವಿಯ ಜೊತೆ ಕೆಲಸ ಮಾಡುವವನಿಗೆ ಒಂದು ಜ್ಞಾನ ಇರುತ್ತದೆ, ಅದು ಪದವಿಯ ಜ್ಞಾನಕ್ಕೆ ಸಮ ಅಂತ ಕನ್ನಡದಲ್ಲಿ ಇಷ್ಟು ಸಲೀಸಾಗಿ ಹೇಳಿದ ಪುಸ್ತಕ ಇನ್ನೊಂದಿಲ್ಲ. ನವ್ಯರು ತಮ್ಮ ತಲೆಯೊಳಗೆ ಕೂತು ನರಳುತ್ತಿದ್ದಾಗ ತೇಜಸ್ವಿ ಹೊರಗೆ ಬಂದು ಜೇನುಪೆಟ್ಟಿಗೆ ತೆಗೆದು ನೋಡಿದರು.

ಆದರೂ ನನ್ನ ಓದು ಒಂದು ಕಡೆ ತಡವರಿಸುತ್ತದೆ. ಮಂದಣ್ಣನಿಗೆ ಬೇಕಾಗಿದ್ದದ್ದು ಒಂದು ನೌಕರಿ, ಒಂದು ಮದುವೆ. ಅವನ ಈ ಆಸೆ ಕಾದಂಬರಿಯಲ್ಲಿ ಹೆಚ್ಚಾಗಿ ನಗೆಯ ವಸ್ತು. ಕಳ್ಳಬಟ್ಟಿಯ ಕೇಸಿನಲ್ಲಿ ಸಿಕ್ಕಿಬಿದ್ದಾಗ ಅವನನ್ನು ಬಿಡಿಸಲು ವಿಜ್ಞಾನಿಯೇ ಓಡಾಡಬೇಕು. ಯಾವತ್ತೂ ಅವನಿಗೆ ಇನ್ನೊಬ್ಬರು ಸರ್ಟಿಫಿಕೇಟು ಕೊಡಬೇಕು. ನಿರೂಪಕ ತೋಟದ ಮಾಲೀಕ, ಅವನಿಗೆ ಬೇಸರ ಬಂದರೆ ತೋಟ ಮಾರುವ ಯೋಚನೆ ಮಾಡಬಹುದು. ಮಂದಣ್ಣನಿಗೆ ಮಾರಲು ಏನಿದೆ? ತೇಜಸ್ವಿಗೆ ಇದು ಕಾಣಲಿಲ್ಲ ಅಂತ ನಾನು ಹೇಳುವುದಿಲ್ಲ, ಕಂಡದ್ದರಿಂದಲೇ ಬರೆದರು. ಆದರೆ ಕಾದಂಬರಿ ಕಾಲದ ಅನಂತತೆಯ ಕಡೆಗೆ ಏರುತ್ತಾ ಹೋದಂತೆ ಮಂದಣ್ಣನ ನೌಕರಿಯ ಪ್ರಶ್ನೆ ಕೆಳಗೆ ಉಳಿಯುತ್ತದೆ. ಕೊನೆಗೆ ಓತಿ ಯಾರ ಕೈಗೂ ಸಿಗದೆ ಕಣಿವೆಗೆ ಹಾರಿಹೋಗುತ್ತದೆ. ಈ ಕೊನೆಯನ್ನು ನಾನು ತುಂಬ ಮೆಚ್ಚುತ್ತೇನೆ. ಜೀವಿಯನ್ನು ಸಹಭಾಗಿ ಅನ್ನುವವರು ಅದು ಬಿಟ್ಟುಹೋಗುವ ಹಕ್ಕನ್ನೂ ಒಪ್ಪಬೇಕು. ಆ ಗುಮ್ಮಟದ ಹುಳುವಿಗೆ ಎದ್ದು ಹೋಗುವ ದಾರಿ ಇತ್ತೇ? ಲೈನಿನ ಕೂಲಿಗೆ ಇದೆಯೇ?

ಜೇನಿನ ವಿಷಯದಲ್ಲಿ ಇನ್ನೊಂದು ಮಾತು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಜೇನಿಗೆ ತಗುಲಿ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಮರಿಹುಳು ಚೀಲದಂತೆ ಉಬ್ಬಿ ಸಾಯುತ್ತಿತ್ತು. ಕಾಫಿ ಗಿಡಕ್ಕೆ ರೋಗ ಬಂದರೆ ಸಂಶೋಧನೆ, ಸಬ್ಸಿಡಿ, ಪಾರ್ಲಿಮೆಂಟಿನಲ್ಲಿ ಪ್ರಶ್ನೆ. ಜೇನು ಸತ್ತಾಗ ಜೇನಿನವರು ಮತ್ತೆ ತೋಟದ ಕೂಲಿಗೆ ಹೋದರು. ಕರ್ವಾಲೋ ಓದುವ ಮೇಷ್ಟ್ರುಗಳು ಈ ಅಡಿಟಿಪ್ಪಣಿಯನ್ನೂ ಮಕ್ಕಳಿಗೆ ಹೇಳಬೇಕು.

ಹಾಗಾದರೆ ಸರಿಯಾಗಿ ಮಾಡಿದ್ದು ಯಾವುದೂ ಇಲ್ಲವೇ ಅಂತ ಕೇಳುತ್ತೀರಿ. ಇದೆ, ಅರ್ಧಂಬರ್ಧವಾದರೂ ಇದೆ. ಲಂಟಾನ ನಮಗೆಲ್ಲ ಗೊತ್ತಿರುವ ಪೊದೆ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಹೂವಿನ ಚಂದಕ್ಕೆ ತಂದರು, ಅದು ಕಾಡನ್ನೇ ನುಂಗಿತು. ನೀಲಗಿರಿಯ ಗೂಡಲೂರು ಸುತ್ತಿನ ಬೆಟ್ಟ ಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಜನ ಆ ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಕಬ್ಬಿಣದ ಹಂದರಕ್ಕೆ ಬಗ್ಗಿಸಿ ಕಟ್ಟಿ ಆಳೆತ್ತರದ ಆನೆಗಳನ್ನು ಮಾಡಿದರು. ತಾವು ಹತ್ತಿರದಿಂದ ನೋಡಿದ ನಿಜವಾದ ಆನೆಗಳನ್ನೇ ಮಾದರಿ ಮಾಡಿಕೊಂಡರು. 2021ರಲ್ಲಿ ಈ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದವು, ಅದೇ ವರ್ಷ ನ್ಯೂಯಾರ್ಕಿನ ಬೀದಿಯಲ್ಲಿ. ಇಲ್ಲಿ ಮಾಡಿದವರ ಸಮುದಾಯದ ಹೆಸರು ಹೊರಗೆ ಬಂತು, ಕೆಲಸಕ್ಕೆ ಕೂಲಿ ಸಿಕ್ಕಿತು, ಕಾಡಿಗೂ ಸ್ವಲ್ಪ ಉಸಿರು ಬಂತು. ಇದನ್ನು ನಾನು ತಲೆಬಾಗಿ ಒಪ್ಪುತ್ತೇನೆ. ಆದರೆ ಲಾಲ್‌ಬಾಗಿನಲ್ಲಿ ಆನೆಯ ಜೊತೆ ಸೆಲ್ಫಿ ತೆಗೆದುಕೊಂಡವರಿಗೆ ಸಹಬಾಳ್ವೆ ಅನ್ನುವ ಪದ ಎಷ್ಟು ಹಗುರ! ಮೂಡಿಗೆರೆ, ಆಲ್ದೂರು ಕಡೆ ಕಾಡಾನೆ ತುಳಿತಕ್ಕೆ ಸತ್ತವರಲ್ಲಿ ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುತ್ತಿದ್ದ ತೋಟದ ಕೂಲಿ ಹೆಂಗಸರಿದ್ದಾರೆ. ಜೀಪಿನಲ್ಲಿ ಹೋಗುವವರಿಗೆ ಆನೆ ಬೇರೆ, ನಡೆದು ಹೋಗುವವರಿಗೆ ಆನೆ ಬೇರೆ.

ಮೇಘಾಲಯದ ಬೇರಿನ ಸೇತುವೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಖಾಸಿ ಮತ್ತು ಜೈಂತಿಯಾ ಜನ ಹೊಳೆಯ ದಡದ ರಬ್ಬರಾಲದ ಬೇರನ್ನು ಆಚೆ ದಡಕ್ಕೆ ಎಳೆದು ಹೆಣೆದು ಹದಿನೈದು ಇಪ್ಪತ್ತು ವರ್ಷ ಕಾಯುತ್ತಾರೆ. ನೆಟ್ಟವನು ಮುದುಕನಾದಾಗ ಮೊಮ್ಮಗ ದಾಟುತ್ತಾನೆ. ಕಟ್ಟುವವರೂ ಅವರೇ, ದಾಟುವವರೂ ಅವರೇ, ಕೆಟ್ಟರೆ ನೋಡಿಕೊಳ್ಳುವವರೂ ಅವರೇ. 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು ಆಮೇಲಿನ ಮಾತು. ನಮ್ಮಲ್ಲಿ ಹಳ್ಳಕ್ಕೆ ಅಡಿಕೆ ಮರ ಅಡ್ಡ ಹಾಕಿ ಕಾಲುಸಂಕ ಮ��ಡಿ ಮಕ್ಕಳನ್ನು ಶಾಲೆಗೆ ಕಳಿಸುವ ತಾಯಂದಿರು ಬೇರಿನ ಸೇತುವೆಯ ಫೋಟೋ ನೋಡಿ ಚಂದ ಅನ್ನುವುದಿಲ್ಲ, ಗಟ್ಟಿ ಇದೆಯಾ ಅಂತ ಕೇಳುತ್ತಾರೆ. ವಿಮರ್ಶೆ ಅಂದರೆ ಅದು.

ಕನ್ನಡ ನೆಲದಲ್ಲೇ ಇದಕ್ಕೆ ಸಮನಾದ ಒಂದು ಉದಾಹರಣೆ ಇದೆ, ಗುಂಡ್ಲುಪೇಟೆ ಕಡೆಯ ರೈತರ ಲಾವಂಚದ ಬದು. ಲಾವಂಚದ ಬೇರು ಅಡ್ಡ ಹರಡುವುದಿಲ್ಲ, ಆಳುದ್ದಕ್ಕಿಂತ ಆಳಕ್ಕೆ ನೇರ ಇಳಿಯುತ್ತದೆ. ಸಾಲಾಗಿ ನೆಟ್ಟರೆ ಮೇಲಿನಿಂದ ಹರಿದ ಮಣ್ಣು ಅದಕ್ಕೆ ಆತು ನಿಂತು ತಾನೇ ಮೆಟ್ಟಿಲಾಗುತ್ತದೆ. ಅಲ್ಲಿಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಇದನ್ನೇ ನೆಡುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣಿನ ಸವಕಳಿ ತಡೆಗೆ ಲಾವಂಚವನ್ನು ಕೈಪಿಡಿ ಮಾಡಿ ಲೋಕಕ್ಕೆಲ್ಲ ಹಂಚಿದರು, ಗುಂಡ್ಲುಪೇಟೆಯ ಬದುಗಳನ್ನು ಸಾಕ್ಷಿಯಾಗಿ ತೋರಿಸಿದರು. ಊರಿನ ಹೆಸರು ಉಳಿಯಿತು. ಹುಲ್ಲಿನ ಹೆಸರು ಲ್ಯಾಟಿನ್ನಿನಲ್ಲಿ ಉಳಿಯಿತು. ಕಡಿದಾದ ನಮ್ಮ ಗುಡ್ಡಗಳಲ್ಲಿ ರಸ್ತೆಗೆ, ರೆಸಾರ್ಟಿಗೆ ಜೆಸಿಬಿಯಲ್ಲಿ ಮಣ್ಣು ಕಡಿದು ನಿಲ್ಲಿಸುತ್ತಾರೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿ ಮನೆಗಳು ಹೋದವು. ಬೇರಿನ ವಿದ್ಯೆ ಇಲ್ಲಿಗೆ ಬೇಕಾಗಿದೆ, ಗ್ಯಾಲರಿಗಿಂತ ಜರೂರಾಗಿ ಬೇಕಾಗಿದೆ.

ನಮ್ಮ ಬಂಡಾಯದ ಕವಿಗಳಿಗೂ ಒಂದು ಮಾತು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ನಮ್ಮ ಕವನಗಳಲ್ಲಿ ಬೆಂಕಿ ಇದೆ, ಬಿರುಗಾಳಿ ಇದೆ, ರಕ್ತ ಇದೆ. ಹಾಲವಾಣ ಇಲ್ಲ, ಕಾಂಡಕೊರಕ ಇಲ್ಲ, ಲಾವಂಚ ಇಲ್ಲ. ಮರ, ಹಕ್ಕಿ, ಹೂವು ನವೋದಯದವರ ಜಹಗೀರು ಅಂತ ಬಿಟ್ಟುಕೊಟ್ಟಿದ್ದೇವೆ. ಆ ಮರಗಳನ್ನು ನೆಟ್ಟು ಹತ್ತಿ ಇಳಿದವರು ನಮ್ಮ ಅಪ್ಪಂದಿರು. ಅವುಗಳ ಜಾತಕ ನಮ್ಮ ಮನೆಗಳಲ್ಲಿದೆ, ಕುಪ್ಪಸದ ತೋಳಿನಲ್ಲಿ ಅಂಟಿದ ಕಾಫಿ ಕರೆಯಲ್ಲಿದೆ. ಇದನ್ನು ಬರೆಯದೆ ಬಿಟ್ಟರೆ ನಾಳೆ ಯಾರೋ ಬಂದು ಮರವನ್ನು ಸಹಕಲಾವಿದ ಅಂತ ಕರೆದು ಅದರ ಕೆಳಗೆ ತಮ್ಮ ಹೆಸರು ಬರೆದುಕೊಳ್ಳುತ್ತಾರೆ.

ಕಲಾಶಾಲೆಯ ಹುಡುಗ ಹುಡುಗಿಯರು ಈಗೀಗ ನಮ್ಮ ತೋಟಗಳ ಜೀವಂತ ಬೇಲಿಯನ್ನು ನೋಡಲು, ಚಿತ್ರ ಬರೆಯಲು ಬರುತ್ತಾರೆ. ಬರಲಿ, ಒಳ್ಳೆಯ ಹುಡುಗರು, ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ಯೋಚಿಸುತ್ತಾರೆ. ಊರಿನ ಮೇಷ್ಟ್ರುಗಳು ಅವರನ್ನು ಬೇಲಿಯ ಎರಡೂ ಬದಿಗೆ ಕರಕೊಂಡು ಹೋಗಿ ತೋರಿಸಬೇಕು. ಒಳಬದಿಯಿಂದ ಅದು ಗೂಟ ಚಿಗುರಿದ ಹಸಿರು ಗೋಡೆ, ಹಕ್ಕಿ ಗೂಡು ಕಟ್ಟಿದೆ. ಹೊರಬದಿಯಲ್ಲಿ ಸೌದೆಗೆ ಬಂದ ಹೆಂಗಸು ದಾಟದ ಹಾಗೆ ಮುಳ್ಳುಬಳ್ಳಿ ಹಬ್ಬಿಸಿರುತ್ತಾರೆ. ಆ ಬೇಲಿಗೆ ಗೂಟ ಕಡಿದು ನೆಟ್ಟು, ಮಳೆ ಕಳೆದ ಮೇಲೆ ಸವರಿ, ಸತ್ತ ಗೂಟದ ಜಾಗಕ್ಕೆ ಹೊಸದು ಹಾಕುವವರು ಲೈನಿನವರೇ. ತೋಟದಲ್ಲಿ ಹಾಜರಿ ಬರೆಯುವವನನ್ನು ನಮ್ಮ ಕಡೆ ರೈಟರ್ ಅಂತಾರೆ. ಅವನ ಪುಸ್ತಕ ತೆಗೆದು ನೋಡಿ. ಆ ದಿನದ ಎದುರಿಗೆ ಬೇಲಿ ಕೆಲಸ, ಆಳು ಆರು ಅಂತ ಇರುತ್ತದೆ.